ವೇದಾವತಿಯ ಒಣಕಣಿವೆಯೂ ಫ್ರಾನ್ಸಿಸ್ ಬುಕಾನನ್ನನೂ

ಕುಷಾಯಿಗೂಡದ ಕನ್ನಡಿಗರಾದ ನಮಗೆ ತಂಗಡಿ ಹೂವು ಅಪರಿಚಿತವಲ್ಲ. ತೆಲಂಗಾಣದ ರಾಜ್ಯಪುಷ್ಪವಾಗಿ, ಬತುಕಮ್ಮನ ಅಲಂಕಾರವಾಗಿ ಇಲ್ಲಿ ಮಾನ್ಯವಾದ ಈ ಗಿಡ ಚಿತ್ರದುರ್ಗ ಸೀಮೆಯ ಕೆಂಪು ಗರಸಿನ ನೆಲದಲ್ಲಿಯೂ ತಾನಾಗಿ ಬೆಳೆಯುತ್ತದೆ. ಆ ಸೀಮೆಯ ಮಣ್ಣು, ಬೆಳೆಗಳನ್ನು ಇನ್ನೂರು ವರ್ಷಗಳಿಗೂ ಹಿಂದೆ ಊರೂರು ಅಲೆದು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ನನ ಜೀವನವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಬುಕಾನನ್ 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನೂ, ಜಾನ್ ಹೋಪ್ ಎಂಬ ವಿದ್ವಾಂಸನ ಬಳಿ ಸಸ್ಯಶಾಸ್ತ್ರವನ್ನೂ ಕಲಿತು, 1794ರಲ್ಲಿ ಕಂಪನಿಯ ವೈದ್ಯನಾಗಿ ಬಂಗಾಳಕ್ಕೆ ಬಂದನು.

1799ರಲ್ಲಿ ಟಿಪ್ಪುವಿನ ಪತನವಾಯಿತು. ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ದೊರೆಯುತ್ತದೆ ಎಂಬುದು ವೆಲ್ಲೆಸ್ಲಿಗೆ ಬೇಕಾಗಿತ್ತು. ಆತನ ಆದೇಶದಂತೆ ಬುಕಾನನ್ 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು, ಒಂದು ವರ್ಷಕ್ಕೂ ಮಿಕ್ಕಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದನು. ಕನ್ನಡ ಬಾರದ ಆತನಿಗೆ ದುಭಾಷಿಗಳೇ ಕಿವಿಯಾಗಿದ್ದರು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಆತನ ತೀರ್ಪುಗಳು ಹಲವೆಡೆ ಕಟುವಾಗಿವೆ. ಆದರೂ ಮಣ್ಣಿನ ವಿಷಯದಲ್ಲಿ ಆತ ರೈತರ ಮಾತನ್ನೇ ಪ್ರಮಾಣವಾಗಿ ಹಿಡಿದು ಎರೆ, ಕೆಬ್ಬೆ, ಮರಳು ಎಂಬ ಅವರ ಹೆಸರುಗಳನ್ನೇ ಬರೆದುಕೊಂಡನು. ಯಾವ ನೆಲಕ್ಕೆ ಯಾವ ಬೆಳೆ, ಎಷ್ಟು ಬೀಜ, ಎಷ್ಟು ಫಲ ಎಂಬುದೆಲ್ಲವೂ ಅಲ್ಲಿದೆ. ಖಾತೆ ಪುಸ್ತಕಗಳ ನಡುವೆ ಆಯುಷ್ಯ ಕಳೆದ ನಮ್ಮಂಥವರು ಆ ಶಿಸ್ತಿಗೆ ತಲೆದೂಗಲೇಬೇಕು.

1801ರಲ್ಲಿ ಆತ ಹರಿಹರ, ದಾವಣಗೆರೆ, ಚಿತ್ರದುರ್ಗಗಳ ಮಾರ್ಗವಾಗಿ ವೇದಾವತಿಯ ದಡದ ಹಿರಿಯೂರಿಗೆ ಬಂದನು. ಯುದ್ಧಗಳಿಂದ ನಾಡು ಬಡವಾಗಿತ್ತು. ಮಳೆ ಅಪರೂಪವಾದ ಈ ಕಣಿವೆಯಲ್ಲಿ ನಾಲ್ಕು ಹೆಜ್ಜೆಗೆ ನೆಲ ಬದಲಾಗುತ್ತದೆ. ಗುಡ್ಡದ ಗರಸಿನಲ್ಲಿ ನೀರು ನಿಲ್ಲದು. ಅಲ್ಲಿ ಬಂದರಿಕೆ, ತಂಗಡಿ, ಕಗ್ಗಲಿ. ತಗ್ಗಿನ ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಟ್ಟು ಜೋಳ, ಹತ್ತಿಗಳನ್ನು ಸಾಕುತ್ತದೆ, ಅಂಚಿನಲ್ಲಿ ಕರಿಜಾಲಿ. ನೀರು ಆವಿಯಾಗಿ ಉಪ್ಪು ಮೇಲೆದ್ದ ಸವುಳು ನೆಲದಲ್ಲಿ ಒರಟು ಹುಲ್ಲಿಗಷ್ಟೇ ಬಾಳು. ಇಂದು ಅಲ್ಲಿ ಎಲ್ಲೆಲ್ಲೂ ಕಾಣುವ ಬಳ್ಳಾರಿ ಜಾಲಿಯನ್ನು ಬುಕಾನನ್ ಕಂಡಿರಲಾರ. ಅಮೆರಿಕ ಖಂಡದ ಆ ಗಿಡ ಭಾರತಕ್ಕೆ ಬಂದದ್ದು 1870ರ ದಶಕದಲ್ಲಿ. ಮಾರಿ ಕಣಿವೆಯ ವಾಣಿವಿಲಾಸ ಸಾಗರವೂ ಆತನ ನಂತರದ್ದೇ. 1907ರಲ್ಲಿ ಪೂರ್ಣಗೊಂಡ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ಆ ಸೀಮೆಯ ಮಳೆಯ ಅಂದಾಜಾದೀತು.

ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಪ್ರವಾಸದ ನಂತರ ಆತನದು ನೇಪಾಳ, ಏಳು ವರ್ಷಗಳ ಬಂಗಾಳದ ಸಮೀಕ್ಷೆ, 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ. ಮರುವರ್ಷ ಸ್ವದೇಶಕ್ಕೆ ಮರಳುವಾಗ, ಆತ ಬರೆಯಿಸಿದ್ದ ಚಿತ್ರಗಳನ್ನು ಗವರ್ನರ್ ಜನರಲ್ ಹೇಸ್ಟಿಂಗ್ಸ್ ಭಾರತದಲ್ಲಿಯೇ ತಡೆದಿರಿಸಿಕೊಂಡನು. ಬುಕಾನನ್ನನಿಗೆ ಇದು ಆರದ ನೋವಾಯಿತು. ತಾಯಿಯ ಕಡೆಯ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು, 1822ರಲ್ಲಿ ಗಂಗೆಯ ಮೀನುಗಳ ಗ್ರಂಥವನ್ನು ಪ್ರಕಟಿಸಿ, 1829ರ ಜೂನ್ 15ರಂದು ಸ್ಕಾಟ್ಲೆಂಡಿನಲ್ಲಿ ತೀರಿಕೊಂಡನು.