ಸಾಧಾರಣ ಕೋಲಿಗೆ ಹೊಸ ಜನ್ಮ ಕೊಟ್ಟ ಬಡಗಿ ಜಾರ್ಜ್ ಬಾಲಬುಷ್ಕಾ

ಪೂಲ್ ಆಟದ ಚರಿತ್ರೆಯಲ್ಲಿ ಚಾಂಪಿಯನ್ನರ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಆ ಚಾಂಪಿಯನ್ನರ ಹೆಸರುಗಳಷ್ಟೇ ಗೌರವದಿಂದ ಉಚ್ಚರಿಸಲ್ಪಡುವ ಒಬ್ಬ ಬಡಗಿಯ ಹೆಸರೂ ಅಲ್ಲಿದೆ. ಅವರೇ ಜಾರ್ಜ್ ಬಾಲಬುಷ್ಕಾ. ವಯಲಿನ್ ತಯಾರಿಕೆಯಲ್ಲಿ ಇಟಲಿಯ ಸ್ಟ್ರಾಡಿವೇರಿಗೆ ಯಾವ ಸ್ಥಾನವಿದೆಯೋ, ಕ್ಯೂ ತಯಾರಿಕೆಯಲ್ಲಿ ಆ ಸ್ಥಾನವನ್ನು ಅಮೆರಿಕದ ಆಟಗಾರರು ಬಾಲಬುಷ್ಕಾ ಅವರಿಗೆ ನೀಡಿದ್ದಾರೆ. ಅವರು ತಯಾರಿಸಿದ ಕೋಲನ್ನು ಕ್ಯೂ ಎಂದೂ ಕರೆಯುವುದಿಲ್ಲ. ಬಾಲಬುಷ್ಕಾ ಎಂದಷ್ಟೇ ಹೇಳಿದರೆ ಬಲ್ಲವರಿಗೆ ಅರ್ಥವಾಗುತ್ತದೆ.

ಇಂದು ಸಂಗ್ರಾಹಕರು ಅಪಾರ ಬೆಲೆ ತೆತ್ತು ಕೊಳ್ಳುವ ಈ ಕ್ಯೂಗಳ ಮೂಲ ಮಾತ್ರ ಅತ್ಯಂತ ಸಾಧಾರಣವಾದುದು. ಪೂಲ್ ಕೋಣೆಯ ಗೋಡೆಗೆ ಒರಗಿಸಿಟ್ಟ, ಯಾರು ಬೇಕಾದರೂ ಎತ್ತಿಕೊಂಡು ಆಡಬಹುದಾಗಿದ್ದ ಕೋಲುಗಳಿಂದಲೇ ಬಾಲಬುಷ್ಕಾ ತಮ್ಮ ಕಾಯಕವನ್ನು ಆರಂಭಿಸಿದ್ದರು. ಮಿತವಾದ ಹಣದಲ್ಲಿ ಒಳ್ಳೆಯ ಕ್ಯೂ ಹುಡುಕುವ ಇಂದಿನ ಹವ್ಯಾಸಿ ಆಟಗಾರರಿಗೂ ಅವರ ಬದುಕಿನಲ್ಲಿ ಕಲಿಯುವ ಸಂಗತಿಗಳು ಸಾಕಷ್ಟಿವೆ.

ರಷ್ಯಾದಿಂದ ನ್ಯೂಯಾರ್ಕ್‌ಗೆ

ಬಾಲಬುಷ್ಕಾ ಜನಿಸಿದ್ದು 1912ರ ಡಿಸೆಂಬರ್ 9ರಂದು, ರಷ್ಯಾದಲ್ಲಿ. ಮಹಾಯುದ್ಧ, ಕ್ರಾಂತಿ ಮತ್ತು ಅಂತರ್ಯುದ್ಧಗಳಿಂದ ಆ ದೇಶ ತತ್ತರಿಸಿದ ಕಾಲದಲ್ಲೇ ಅವರ ಬಾಲ್ಯ ಕಳೆಯಿತು. 1924ರಲ್ಲಿ, ಇನ್ನೂ ಹನ್ನೆರಡು ತುಂಬುವ ಮೊದಲೇ ಅವರು ಅಮೆರಿಕ ಸೇರಿದರು. ಅದೇ ವರ್ಷ ಅಮೆರಿಕ ಸರ್ಕಾರ ಪೂರ್ವ ಹಾಗೂ ದಕ್ಷಿಣ ಯುರೋಪಿನ ವಲಸಿಗರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚುವ ಕಾನೂನು ತಂದಿತು ಎಂಬುದು ಗಮನಾರ್ಹ. ಸ್ವಲ್ಪ ತಡವಾಗಿದ್ದರೆ ಅವರ ಬದುಕಿನ ದಿಕ್ಕೇ ಬೇರೆಯಾಗಬಹುದಿತ್ತು.

ನ್ಯೂಯಾರ್ಕ್‌ನಲ್ಲಿ ಅವರಿಗೆ ಅನ್ನ ಕೊಟ್ಟದ್ದು ಮರಗೆಲಸ. ಬಡಗಿ ಕೆಲಸ, ಮಕ್ಕಳ ಆಟಿಕೆ ತಯಾರಿಕೆ, ಪೀಠೋಪಕರಣ ತಯಾರಿಕೆ ಹೀಗೆ ಹಲವು ಕಡೆ ದುಡಿದರು. ಮರದ ಎಳೆ ಯಾವ ದಿಕ್ಕಿಗೆ ಓಡುತ್ತದೆ, ಯಾವ ತುಂಡು ಒಣಗಿದ ಮೇಲೆ ಬಾಗುತ್ತದೆ, ಯಾವುದು ನೆಟ್ಟಗೆ ನಿಲ್ಲುತ್ತದೆ ಎಂಬ ತಿಳಿವಳಿಕೆ ಅವರ ಕೈಗೆ ಬಂದದ್ದು ಈ ವರ್ಷಗಳಲ್ಲಿಯೇ. ಈ ವೃತ್ತಿ ಅವರಿಂದ ಬೆಲೆಯನ್ನೂ ವಸೂಲಿ ಮಾಡಿತು. ಗರಗಸದ ಯಂತ್ರಕ್ಕೆ ಸಿಲುಕಿ ಅವರು ಬೆರಳಿನ ಭಾಗವೊಂದನ್ನು ಕಳೆದುಕೊಂಡರು. ಅದರ ಜಾಗಕ್ಕೆ ಕೃತಕ ಬೆರಳೊಂದನ್ನು ತಾವೇ ತಯಾರಿಸಿಕೊಂಡು ಕೆಲಸ ಮುಂದುವರಿಸಿದರು.

ಹಗಲು ಮರಗೆಲಸವಾದರೆ ಬಿಡುವಿನ ವೇಳೆ ಪೂಲ್. ಅವರು ಆಟದ ಬಗ್ಗೆ ಅಪಾರ ಒಲವಿದ್ದ ಹವ್ಯಾಸಿ. ತಯಾರಕನೇ ಆಟಗಾರನೂ ಆಗಿದ್ದರಿಂದ ಕ್ಯೂ ಕೈಯಲ್ಲಿ ಹೇಗೆ ಕೂರಬೇಕು ಎಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಉಡುಗೊರೆಯಾಗಿ ಆರಂಭ

1959ರಲ್ಲಿ ಪಾಲುದಾರರೊಬ್ಬರೊಡನೆ ಸೇರಿ ಅವರು ಪೂಲ್ ಕೋಣೆಯೊಂದನ್ನು ಕೊಂಡರು. ಆಗ ಅವರಿಗೆ 46 ವರ್ಷ. ಕೋಣೆಯ ಕ್ಯೂಗಳ ದುರಸ್ತಿ ಕೆಲಸ ಸಹಜವಾಗಿಯೇ ಅವರ ಪಾಲಿಗೆ ಬಂತು. ಹಳೆಯ ಕೋಲುಗಳನ್ನು ಸರಿಪಡಿಸುತ್ತಲೇ ಹೊಸ ಕ್ಯೂಗಳನ್ನು ತಯಾರಿಸಿ ಸ್ನೇಹಿತರಿಗೆ ಉಡುಗೊರೆ ನೀಡಿದರು. ಅವುಗಳಿಂದ ಆಡಿದವರು ಬೇರೆಯವರಿಗೆ ಹೇಳಿದರು. ಕೇಳುವವರ ಸಂಖ್ಯೆ ಬೆಳೆಯಿತು. ಹವ್ಯಾಸವಾಗಿದ್ದದ್ದು ಕೆಲವೇ ಕಾಲದಲ್ಲಿ ವ್ಯವಹಾರವಾಯಿತು.

ಕಾಲವೂ ಅನುಕೂಲವಾಗಿತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಪೂಲ್ ಆಟ ಕಳೆಗುಂದಿತ್ತು. 1961ರಲ್ಲಿ ಪಾಲ್ ನ್ಯೂಮನ್ ಅಭಿನಯದ ‘ದಿ ಹಸ್ಲರ್’ ಚಿತ್ರ ತೆರೆಕಂಡ ಬಳಿಕ ಆಟಕ್ಕೆ ಮತ್ತೆ ಜೀವ ಬಂತು. ಹೊಸ ಕೋಣೆಗಳು ತೆರೆದವು, ಹೊಸ ಆಟಗಾರರು ಬಂದರು, ಸ್ವಂತ ಕ್ಯೂ ಹೊಂದಬೇಕೆಂಬ ಆಸೆಯೂ ಬೆಳೆಯಿತು. ಷಿಕಾಗೋದ ಹರ್ಮನ್ ರ್‍ಯಾಂಬೋ ಅವರಂತಹ ಹಿರಿಯ ತಯಾರಕರು ಆಗಲೇ ಹೆಸರು ಮಾಡಿದ್ದರು. ನ್ಯೂಯಾರ್ಕ್‌ನ ಮನೆಯ ಪುಟ್ಟ ಕಾರ್ಯಾಗಾರದಲ್ಲಿ ಕುಳಿತ ಬಾಲಬುಷ್ಕಾ ಆ ಪರಂಪರೆಗೆ ಹೊಸ ಅಧ್ಯಾಯ ಸೇರಿಸಿದರು.

ಹಳೆಯ ಕೋಲೇ ಮೂಲದ್ರವ್ಯ

ಬಾಲಬುಷ್ಕಾ ಅವರ ಆರಂಭದ ಕ್ಯೂಗಳಿಗೆ ಆಧಾರವಾದದ್ದು ಬ್ರನ್ಸ್‌ವಿಕ್ ಕಂಪನಿಯ ಟೈಟ್‌ಲಿಸ್ಟ್ ಎಂಬ ಮಾದರಿ. ಪೂಲ್ ಕೋಣೆಗಳಲ್ಲಿ ಎಲ್ಲರ ಬಳಕೆಗೆಂದು ಇಡುತ್ತಿದ್ದ ಒಂದೇ ತುಂಡಿನ ಕೋಲು ಅದು. ಆದರೆ ಅದರ ಒಡಲಿನಲ್ಲಿ ಉತ್ತಮ ಕುಸುರಿ ಇತ್ತು. ತಿಳಿಬಣ್ಣದ ಮೇಪಲ್ ಮರದೊಳಗೆ ಗಾಢ ಬಣ್ಣದ ಗಟ್ಟಿ ಮರವನ್ನು ಚೂಪಾದ ನಾಲ್ಕು ಮೊನೆಗಳಾಗಿ ಕೂಡಿಸಲಾಗಿತ್ತು. ನೋಡಲು ಅಲಂಕಾರದಂತೆ ಕಾಣುವ ಈ ಮೊನೆಗಳು ನಿಜವಾಗಿ ಎರಡು ಮರಗಳನ್ನು ಬೆಸೆಯುವ ಜೋಡಣೆ. ಉದ್ದನೆಯ ಓರೆ ಜೋಡಣೆಯಲ್ಲಿ ಅಂಟು ಹಿಡಿಯುವ ಜಾಗ ಹೆಚ್ಚು. ಆದ್ದರಿಂದ ಬಲವೂ ಹೆಚ್ಚು. ಹಿಂಭಾಗದ ಭಾರವಾದ ಮರ ಕ್ಯೂವಿನ ತೂಕವನ್ನು ಕೈ ಹಿಡಿಯುವ ಕಡೆಗೆ ತರುತ್ತದೆ.

ಇಂತಹ ಕೋಲನ್ನು ಬಾಲಬುಷ್ಕಾ ಕತ್ತರಿಸಿ, ಎರಡು ಭಾಗಗಳ ಕ್ಯೂ ಆಗಿ ಮಾರ್ಪಡಿಸುತ್ತಿದ್ದರು. ಬುಡದ ಭಾಗವನ್ನು ಲೇತ್ ಯಂತ್ರದಲ್ಲಿ ಹೊಸದಾಗಿ ಕಡೆಯುತ್ತಿದ್ದರು. ನಡುವೆ ಲೋಹದ ಜಾಯಿಂಟ್ ಕೂರಿಸುತ್ತಿದ್ದರು. ಹಿಡಿಕೆಗೆ ಐರಿಶ್ ಲಿನನ್ ದಾರವನ್ನು ಒತ್ತೊತ್ತಾಗಿ ಸುತ್ತುತ್ತಿದ್ದರು. ಬೆವರು ಹೀರುವ ಈ ದಾರ ಕೈ ಜಾರದಂತೆ ತಡೆಯುತ್ತದೆ. ಮುಂಭಾಗಕ್ಕೆ ಮೇಪಲ್ ಮರದ ಶಾಫ್ಟ್. ಅಲಂಕಾರ ಮಿತವಾಗಿರುತ್ತಿತ್ತು: ಮುತ್ತಿನ ಚಿಪ್ಪಿನ ಕೆಲವು ಬೊಟ್ಟುಗಳು, ಬುಡದ ಬಳಿ ಕೆಲವು ಉಂಗುರಗಳು, ಅಷ್ಟೇ.

1960ರ ದಶಕದ ಮಧ್ಯಭಾಗದಲ್ಲಿ ಅವರು ಷಿಕಾಗೋದ ಬರ್ಟನ್ ಸ್ಪೇನ್ ತಯಾರಿಸುತ್ತಿದ್ದ ಮೊನೆಗಳುಳ್ಳ ಮರದ ತುಂಡುಗಳನ್ನು ತರಿಸಿಕೊಳ್ಳತೊಡಗಿದರು. 1970ರ ದಶಕದ ಆರಂಭದಲ್ಲಿ ಗಸ್ ಝಾಂಬೋಟಿ ಅವರ ತುಂಡುಗಳನ್ನು ಬಳಸಿದರು. ಮುಂದೆ ಝಾಂಬೋಟಿ ಅವರೂ ಹೆಸರಾಂತ ಕ್ಯೂ ತಯಾರಕರಾದರು. ಮೂಲ ಜೋಡಣೆಯನ್ನು ಬೇರೆಯವರಿಂದ ಪಡೆಯುವುದರಲ್ಲಿ ಬಾಲಬುಷ್ಕಾ ಅವರಿಗೆ ಸಂಕೋಚವಿರಲಿಲ್ಲ. ಅದನ್ನು ಆಡಲು ಯೋಗ್ಯವಾದ ಸಾಧನವಾಗಿಸುವ ಕೊನೆಯ ಹಂತಗಳಲ್ಲಿ ಅವರ ಕೈಚಳಕ ಅಡಗಿತ್ತು.

ಹದಿನಾರು ವರ್ಷ, ಸಾವಿರ ಕ್ಯೂ

1959ರಿಂದ ಸಾಯುವವರೆಗಿನ 16 ವರ್ಷಗಳಲ್ಲಿ ಅವರು ತಯಾರಿಸಿದ ಕ್ಯೂಗಳ ಸಂಖ್ಯೆ 1,000ದಿಂದ 1,200 ಎಂದು ಅಂದಾಜಿಸಲಾಗಿದೆ. ಅಂದರೆ ತಿಂಗಳಿಗೆ ಸರಾಸರಿ ಐದಾರು ಮಾತ್ರ. ಕಾರ್ಖಾನೆ ಕಟ್ಟಬಹುದಾದಷ್ಟು ಬೇಡಿಕೆಯಿದ್ದರೂ ಅವರು ಮನೆಯ ಕಾರ್ಯಾಗಾರದಲ್ಲೇ ಉಳಿದರು. ಇದಕ್ಕೆ ಮರದ ಸ್ವಭಾವವೂ ಕಾರಣ. ಶಾಫ್ಟನ್ನು ಒಂದೇ ಸಲಕ್ಕೆ ಕಡೆದು ತೆಳ್ಳಗೆ ಮಾಡಿದರೆ ಮರದೊಳಗಿನ ಬಿಗಿತ ಸಡಿಲಗೊಂಡು ಅದು ಬಾಗುತ್ತದೆ. ಸ್ವಲ್ಪ ಕಡೆಯಬೇಕು, ವಾರಗಟ್ಟಲೆ ಹಾಗೆಯೇ ಬಿಡಬೇಕು, ಮತ್ತೆ ಕಡೆಯಬೇಕು. ಬಾಗಿದ್ದನ್ನು ಎಸೆಯಬೇಕು. ಒಳ್ಳೆಯ ಕ್ಯೂವಿನ ಬೆಲೆಯಲ್ಲಿ ದೊಡ್ಡ ಪಾಲು ಈ ಕಾಯುವಿಕೆಯದೇ.

1975ರ ಡಿಸೆಂಬರ್ 5ರಂದು, 63ನೇ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮೊದಲು, ಬಾಲಬುಷ್ಕಾ ನಿಧನರಾದರು. ಆಟಗಾರರ ವಲಯದಲ್ಲಿ ಅವರಿಗೆ ಆಗಲೇ ದೊಡ್ಡ ಹೆಸರಿತ್ತು. ಆದರೆ ಹೊರಜಗತ್ತಿಗೆ ಅವರ ಪರಿಚಯವಾದದ್ದು ಸುಮಾರು ಹನ್ನೊಂದು ವರ್ಷಗಳ ನಂತರ.

ಬೆಳ್ಳಿತೆರೆಯ ಕೀರ್ತಿ

1986ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನದ ‘ದಿ ಕಲರ್ ಆಫ್ ಮನಿ’ ತೆರೆಗೆ ಬಂತು. ಅದರಲ್ಲಿ ನ್ಯೂಮನ್ ಪಾತ್ರ ಟಾಮ್ ಕ್ರೂಸ್ ಪಾತ್ರಕ್ಕೆ ಬಾಲಬುಷ್ಕಾ ಕ್ಯೂ ಒಂದನ್ನು ನೀಡುತ್ತದೆ. ಈ ಚಿತ್ರಕ್ಕಾಗಿ ನ್ಯೂಮನ್ ಅವರಿಗೆ ಆಸ್ಕರ್ ದೊರೆತರೆ, ಬಾಲಬುಷ್ಕಾ ಹೆಸರು ಪೂಲ್ ಆಡದವರ ಬಾಯಲ್ಲೂ ನಲಿಯಿತು. ವಿಪರ್ಯಾಸವೆಂದರೆ, ತೆರೆಯ ಮೇಲೆ ಕಂಡದ್ದು ನಿಜವಾದ ಬಾಲಬುಷ್ಕಾ ಆಗಿರಲಿಲ್ಲ. ಅದು ಅವರ ಶೈಲಿಯನ್ನು ಹೋಲುವಂತೆ ಜಾಸ್ ಕಂಪನಿ ತಯಾರಿಸಿದ್ದ ಕ್ಯೂ. ಸಾಮಾನ್ಯ ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯಲೇ ಇಲ್ಲ.

ಕೀರ್ತಿಯ ಜೊತೆಗೆ ಅದರ ನೆರಳೂ ಬಂತು. ಅಸಲಿ ಕ್ಯೂಗಳ ಬೆಲೆ ಸಾಮಾನ್ಯರ ಕೈಗೆಟುಕದಷ್ಟು ಏರಿತು. ನಕಲಿಗಳು ಹುಟ್ಟಿಕೊಂಡವು. ಅವರ ಹೆಸರಿನ ಪರವಾನಗಿ ಪಡೆದು ಕಾರ್ಖಾನೆಯಲ್ಲಿ ತಯಾರಾದ ಕ್ಯೂಗಳೂ ಮಾರುಕಟ್ಟೆಗೆ ಬಂದವು. ಎಲ್ಲರಿಗೂ ಆಡಲು ಸಿಗುತ್ತಿದ್ದ ಕೋಲಿನಿಂದ ಹುಟ್ಟಿದ ವಸ್ತು ಕೊನೆಗೆ ಯಾರೂ ಆಡದೆ ಗಾಜಿನ ಪೆಟ್ಟಿಗೆಯಲ್ಲಿಡುವ ವಸ್ತುವಾಯಿತು. 2004ರಲ್ಲಿ ಅಮೆರಿಕದ ಬಿಲಿಯರ್ಡ್ ಕಾಂಗ್ರೆಸ್ ತನ್ನ ಗೌರವ ಪಟ್ಟಿಗೆ ಅವರ ಹೆಸರನ್ನು ಸೇರಿಸಿತು.

ಕೊಳ್ಳುವವರಿಗೆ ಪಾಠ

ಬಾಲಬುಷ್ಕಾ ಅವರ ಕೆಲಸದ ಕ್ರಮವನ್ನು ಗಮನಿಸಿದರೆ ಕ್ಯೂವಿನಲ್ಲಿ ಹಣ ಎಲ್ಲಿ ಹೂಡಬೇಕು ಎಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದು ನೇರತನ. ಬಿಡಿ ಭಾಗಗಳನ್ನೂ ಜೋಡಿಸಿದ ಕ್ಯೂವನ್ನೂ ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಬೇಕು. ತುದಿ ಕುಣಿಯುತ್ತಿದ್ದರೆ ಅಲಂಕಾರ ಎಷ್ಟೇ ಇದ್ದರೂ ಅದನ್ನು ಬಿಡುವುದೇ ಲೇಸು. ಎರಡನೆಯದು ಜಾಯಿಂಟ್. ತಿರುಗಿಸಿ ಬಿಗಿಮಾಡಿದಾಗ ಎರಡು ಭಾಗಗಳ ನಡುವೆ ಬೆಳಕಿನ ಗೆರೆಯೂ ಕಾಣಬಾರದು. ಹೊಡೆದಾಗ ಟಕಟಕ ಸದ್ದು ಬರಬಾರದು.

ಸಾಮಾನ್ಯ ಪೂಲ್ ಕ್ಯೂ ಸುಮಾರು 58 ಅಂಗುಲ ಉದ್ದವಿರುತ್ತದೆ. ತೂಕ 18ರಿಂದ 21 ಔನ್ಸ್, ಅಂದರೆ ಸುಮಾರು 510ರಿಂದ 595 ಗ್ರಾಂ. ತುದಿಯ ಅಗಲ 12ರಿಂದ 13 ಮಿಲಿಮೀಟರ್. ನಮ್ಮ ಕ್ಲಬ್ಬುಗಳಲ್ಲಿ ಹೆಚ್ಚು ಪರಿಚಿತವಾದ ಸ್ನೂಕರ್ ಕ್ಯೂವಿನ ತುದಿ ಇದಕ್ಕಿಂತ ಸಣ್ಣದು, 9ರಿಂದ 10 ಮಿಲಿಮೀಟರ್. ಸ್ನೂಕರ್ ಚೆಂಡಿಗಿಂತ ಪೂಲ್ ಚೆಂಡು ದೊಡ್ಡದು, ಭಾರವೂ ಹೆಚ್ಚು. ಆದ್ದರಿಂದ ಎರಡೂ ಆಟಗಳಿಗೆ ಒಂದೇ ಕ್ಯೂ ಸಾಕೆಂದು ಭಾವಿಸುವುದು ಸರಿಯಲ್ಲ.

ಕ್ಯೂವನ್ನು ಉತ್ತಮಪಡಿಸಿಕೊಳ್ಳಲು ಇಚ್ಛಿಸುವವರು ತುದಿಯಿಂದ ಬುಡದ ಕಡೆಗೆ ಸಾಗುವುದು ಜಾಣತನ. ಚೆಂಡನ್ನು ಮುಟ್ಟುವುದು ತೊಗಲಿನ ಟಿಪ್ ಒಂದೇ. ಆ ಸ್ಪರ್ಶ ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಚೆಂಡಿಗೆ ಬೇಕಾದ ತಿರುಗಣೆ ಸಿಗುವುದು ಆ ಕ್ಷಣದಲ್ಲೇ. ಗಟ್ಟಿಯಾಗಿ ನುಣುಪಾದ ಹಳೆಯ ಟಿಪ್ ತೆಗೆಸಿ ಒಳ್ಳೆಯದೊಂದನ್ನು ಹಾಕಿಸಿ, ಸರಿಯಾಗಿ ದುಂಡಗೆ ಮಾಡಿಸಿದರೆ ಸಾಧಾರಣ ಕ್ಯೂವಿನ ಆಟವೂ ಬದಲಾಗುತ್ತದೆ. ಇದಕ್ಕೆ ತಗಲುವ ವೆಚ್ಚವೂ ಕಡಿಮೆ.

ಮುಂದಿನ ಹೆಜ್ಜೆ ಶಾಫ್ಟ್. ಬುಡವನ್ನು ಹಾಗೆಯೇ ಉಳಿಸಿಕೊಂಡು ಶಾಫ್ಟ್ ಮಾತ್ರ ಬದಲಿಸಬಹುದು. ಆದರೆ ಜಾಯಿಂಟಿನ ತಿರುಪು ಹೊಂದಬೇಕು. ತಿರುಪಿನ ಅಳತೆಗಳು ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಮೊದಲ ಕ್ಯೂ ಕೊಳ್ಳುವಾಗಲೇ ಸುಲಭವಾಗಿ ದೊರೆಯುವ ಅಳತೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಬುಡದ ಮೇಲಿನ ಚಿತ್ತಾರಕ್ಕೆ ಕೊನೆಯ ಸ್ಥಾನ. ಅದು ಬೆಲೆಯನ್ನು ಏರಿಸುತ್ತದೆಯೇ ಹೊರತು ಚೆಂಡಿನ ದಾರಿಯನ್ನು ಬದಲಿಸುವುದಿಲ್ಲ.

ಕೊಂಡ ಮೇಲಿನ ಆರೈಕೆಯೂ ಅಷ್ಟೇ ಮುಖ್ಯ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟ ಕ್ಯೂ, ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಮರೆತ ಕ್ಯೂ ಎರಡೂ ಬಾಗುತ್ತವೆ. ಕರಾವಳಿಯ ತೇವದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಆಟ ಮುಗಿದ ಬಳಿಕ ಒಣಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟರೆ ಸಾಧಾರಣ ಬೆಲೆಯ ಕ್ಯೂ ಕೂಡ ಹಲವು ವರ್ಷ ಜೊತೆ ನೀಡುತ್ತದೆ.

ಪೂಲ್ ಕೋಣೆಯ ಕೋಲೊಂದರಲ್ಲಿ ಒಳ್ಳೆಯ ಜೋಡಣೆಯಿದೆ ಎಂಬುದನ್ನು ಕಂಡು, ಅದಕ್ಕೆ ಬೇಕಾದಷ್ಟನ್ನೇ ಸೇರಿಸಿ, ಬೇಡವಾದದ್ದನ್ನು ಕಡೆದು ಹಾಕಿದವರು ಬಾಲಬುಷ್ಕಾ. ಅವರ ಹೆಸರು ಹೊತ್ತ ಕ್ಯೂ ಕೊಳ್ಳುವುದು ಕೆಲವರಿಗೆ ಮಾತ್ರ ಸಾಧ್ಯ. ಕೋಲನ್ನು ಅವರು ನೋಡುತ್ತಿದ್ದ ರೀತಿಯಲ್ಲಿ ನೋಡಿ ಆರಿಸಿಕೊಳ್ಳುವುದು ಯಾರಿಗಾದರೂ ಸಾಧ್ಯ.