ಪೆಲೆಗೆ ತರಬೇತುದಾರರಾಗಿದ್ದ ಗೋರ್ಡನ್ ಬ್ರಾಡ್ಲಿ



1977ರ ಸೆಪ್ಟೆಂಬರ್ 24ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಮೋಹನ್ ಬಾಗಾನ್ ವಿರುದ್ಧ ಆಡಿದ್ದು ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಆಟ 2-2ರಲ್ಲಿ ಸಮವಾಯಿತು. ಅಂದು ಪೆಲೆ ಆಡಿದ್ದು ನ್ಯೂಯಾರ್ಕ್ ಕಾಸ್ಮಾಸ್ ತಂಡದ ಪರವಾಗಿ. ಆ ತಂಡವನ್ನು ಮೊದಲ ದಿನದಿಂದ ಕಟ್ಟಿದ ಗೋರ್ಡನ್ ಬ್ರಾಡ್ಲಿ ಅಷ್ಟರಲ್ಲಿ ತರಬೇತುದಾರರ ಸ್ಥಾನ ಕಳೆದುಕೊಂಡಿದ್ದರು.

ಬ್ರಾಡ್ಲಿ ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ಡರ್ಹಮ್ ಸೀಮೆಯ ಈಸಿಂಗ್ಟನ್ನಿನಲ್ಲಿ. ಕಲ್ಲಿದ್ದಲು ಗಣಿಗಳ ಊರು ಅದು. ಕಾರ್ಲೈಲ್ ಯುನೈಟೆಡ್‌ನಂತಹ ಸಣ್ಣ ತಂಡಗಳಲ್ಲಿ ಆಡಿ, 1963ರಲ್ಲಿ ಕೆನಡಾಕ್ಕೆ, ಅಲ್ಲಿಂದ ನ್ಯೂಯಾರ್ಕಿಗೆ ಬಂದರು. 1968ರಲ್ಲಿ ನ್ಯೂಯಾರ್ಕ್ ಜನರಲ್ಸ್ ತಂಡ ಪೆಲೆಯವರ ಸಾಂಟೋಸ್ ತಂಡವನ್ನು 5-3ರಿಂದ ಸೋಲಿಸಿದಾಗ ಪೆಲೆಯನ್ನು ಕಾಯುವ ಕೆಲಸ ಇವರ ಪಾಲಿಗೆ ಬಂದಿತ್ತು!

1971ರಲ್ಲಿ ಕಾಸ್ಮಾಸ್ ಹುಟ್ಟಿದಾಗ ವ್ಯವಸ್ಥಾಪಕ ಕ್ಲೈವ್ ಟಾಯ್ ತರಬೇತುದಾರರಾಗಿ ಆರಿಸಿದ್ದು ಇವರನ್ನೇ. 37ರ ವಯಸ್ಸಿನಲ್ಲಿ ತರಬೇತುದಾರರೂ ಹೌದು, ಆಟಗಾರರೂ ಹೌದು. ಆಟಗಾರರಲ್ಲಿ ಹಲವರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಿದ್ದವರು. ಮರುವರ್ಷವೇ ಕಾಸ್ಮಾಸ್ ಲೀಗ್ ಗೆದ್ದಿತು. ಆ ಫೈನಲ್ಲಿಗೆ ಬಂದ ಪ್ರೇಕ್ಷಕರು ಆರು ಸಾವಿರ ಚಿಲ್ಲರೆ.

1975ರ ಜೂನ್‌ನಲ್ಲಿ ಪೆಲೆ ಬಂದರು. ರಾಂಡಲ್ಸ್ ದ್ವೀಪದ ಹಳೆಯ ಮೈದಾನದಲ್ಲಿ ಹುಲ್ಲೇ ಸರಿಯಾಗಿರಲಿಲ್ಲ. ಟೀವಿಯಲ್ಲಿ ಚೆನ್ನಾಗಿ ಕಾಣಲೆಂದು ಬರಿಮಣ್ಣಿಗೆ ಹಸಿರು ಬಣ್ಣ ಹೊಡೆಸಿದ್ದರು. ಆಟ ಮುಗಿದ ಮೇಲೆ ಕಾಲಿಗೆ ಹತ್ತಿದ ಹಸಿರು ನೋಡಿ ಪೆಲೆ ಚರ್ಮರೋಗವೆಂದು ಹೆದರಿದರಂತೆ.

ಪೆಲೆ ಬಂದರೂ ಆ ವರ್ಷ ತಂಡ ಮುಂದಿನ ಸುತ್ತು ತಲುಪಲಿಲ್ಲ. ಬ್ರಾಡ್ಲಿಯವರನ್ನು ಬದಲಿಸಿ ಕೆನ್ ಫರ್ಫಿಯವರನ್ನು ತಂದರು. 1976ರ ನಡುವೆಯೇ ಫರ್ಫಿ ಬಿಟ್ಟು ಹೋದರು. ಮತ್ತೆ ಬ್ರಾಡ್ಲಿಯವರಿಗೇ ಕರೆ. ಅವರು ಮುನಿಸಿಲ್ಲದೆ ಬಂದರು. 1977ರ ಜುಲೈನಲ್ಲಿ ಮತ್ತೆ ತೆಗೆದರು. ಈ ಬಾರಿ ಉಪಾಧ್ಯಕ್ಷರೆಂಬ ಹುದ್ದೆ ಕೊಟ್ಟರು, ತಂಡ ಎಡ್ಡಿ ಫಿರ್ಮಾನಿಯವರ ಕೈಗೆ ಹೋಯಿತು. ಮುಂದಿನ ತಿಂಗಳು ಒಂದೇ ಪಂದ್ಯಕ್ಕೆ 77,691 ಜನ ಸೇರಿದರು, ಆಗಸ್ಟ್ 28ರಂದು ಕಾಸ್ಮಾಸ್ ಪ್ರಶಸ್ತಿ ಗೆದ್ದಿತು. ಫೈಲು ತಯಾರಿಸಿದವರು ಒಬ್ಬರು, ಸಹಿ ಹಾಕಿ ಹೆಸರು ಪಡೆದವರು ಇನ್ನೊಬ್ಬರು. ಕಚೇರಿಯಲ್ಲಿ ಸವೆದ ನಮಗೆ ಇದು ಹೊಸದೇನಲ್ಲ. ಫಿರ್ಮಾನಿ ಸಮರ್ಥರೇ, ಅದರಲ್ಲಿ ಸಂಶಯವಿಲ್ಲ. ಆದರೂ ಬಿತ್ತಿದವರ ಲೆಕ್ಕ ಎಲ್ಲಾದರೂ ಇರಬೇಕಲ್ಲ.

ಮುಂದೆ ವಾಷಿಂಗ್ಟನ್ ಡಿಪ್ಲೊಮ್ಯಾಟ್ಸ್ ತಂಡಕ್ಕೆ ಹೋದರು. 1980ರಲ್ಲಿ ಅಲ್ಲಿಗೆ ಯೋಹಾನ್ ಕ್ರೈಫ್ ಬಂದರು. ಇಬ್ಬರಿಗೂ ಆಟದ ರೀತಿಯ ಬಗ್ಗೆ ಜಟಾಪಟಿ. ಆ ವರ್ಷದ ಕೊನೆಗೆ ತಂಡವೇ ಮುಚ್ಚಿತು.

1985ರಿಂದ 2000ದವರೆಗೆ ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಹುಡುಗರಿಗೆ ಆಟ ಕಲಿಸಿದರು. ಪೆಲೆಗೆ ತರಬೇತುದಾರರಾಗಿದ್ದವರು ಹದಿನೈದು ವರ್ಷ ಕಾಲೇಜು ಮೈದಾನದಲ್ಲಿ! 1996ರಲ್ಲಿ ಅಮೆರಿಕದ ಫುಟ್‌ಬಾಲ್ ಗೌರವಪಟ್ಟಿಗೆ ಅವರ ಹೆಸರು ಸೇರಿತು. ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಕಾಡಿತು. 2008ರ ಏಪ್ರಿಲ್‌ನಲ್ಲಿ, 74ನೇ ವಯಸ್ಸಿನಲ್ಲಿ, ವರ್ಜೀನಿಯಾದಲ್ಲೇ ತೀರಿಕೊಂಡರು.