ಚನ್ನಗಿರಿಯ ಧೋಂಡಿಯ, ಐರ್ಲೆಂಡಿನ ವೆಲ್ಲೆಸ್ಲಿ

ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಬರೆಯಲೇಬೇಕು ಅಂತ ಕಾರ್ಯದರ್ಶಿಗಳು ಪಟ್ಟು ಹಿಡಿದರು. ಸಾಲ, ಗೊಬ್ಬರ, ವಸೂಲಿ ವಿಚಾರ ವರದಿಯಲ್ಲಿ ಇದ್ದೇ ಇದೆ. ಅದಕ್ಕೆ ನಮ್ಮ ಸೀಮೆಗೆ ತಗುಲಿಕೊಂಡ ಒಬ್ಬ ಪರದೇಶಿಯ ಕಥೆ ಬರೆಯುತ್ತಿದ್ದೇವೆ.

ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು 1769ರಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ತಂದೆ ಮಾರ್ನಿಂಗ್ಟನ್ ಎಂಬ ಸಂಸ್ಥಾನದ ಪದವಿಯವರು, ಸಂಗೀತದಲ್ಲಿ ಪಂಡಿತರು. ಹೆಸರು ದೊಡ್ಡದು, ಕೈಯಲ್ಲಿ ಕಾಸು ಕಡಿಮೆ. ಈ ಹುಡುಗ ಯಾವುದಕ್ಕೂ ಬಾರದವನು ಅಂತ ತಾಯಿಗೇ ಬೇಸರ. ಓದು ಹತ್ತಲಿಲ್ಲ, ಪಿಟೀಲು ಮಾತ್ರ ಚೆನ್ನಾಗಿ ನುಡಿಸುತ್ತಿದ್ದ. ಸೈನ್ಯಕ್ಕೆ ಸೇರಿದ, 1790ರಲ್ಲಿ ಐರ್ಲೆಂಡಿನ ಶಾಸನಸಭೆಗೂ ಹೋದ. ಕಿಟ್ಟಿ ಪಾಕೆನ್‌ಹ್ಯಾಮ್ ಎಂಬ ಹುಡುಗಿಯನ್ನು ಕೇಳಿದರೆ ಅವಳ ಮನೆಯವರು ಕೊಡಲಿಲ್ಲ. 1793ರಲ್ಲಿ ಪಿಟೀಲುಗಳನ್ನು ಬೆಂಕಿಗೆ ಹಾಕಿಬಿಟ್ಟ.

1797ರಲ್ಲಿ ಇಂಡಿಯಾಕ್ಕೆ ಬಂದ. ಮರುವರ್ಷ ಅಣ್ಣ ರಿಚರ್ಡನೇ ಗವರ್ನರ್ ಜನರಲ್ ಆಗಿ ಬಂದ. ಅಣ್ಣನ ಬಲ ಇದ್ದದ್ದು ಸುಳ್ಳಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ, ಕೋಟೆಯ ಅಧಿಕಾರ ಈತನ ಕೈಗೆ ಬಂತು.

ಅದೇ ಕೋಟೆಯ ಸೆರೆಯಿಂದ ಹೊರಬಿದ್ದವನು ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್. ಹೈದರನ ಕಾಲದ ಕುದುರೆ ಸವಾರ. ಸರದಾರಿಕೆ ಹೋದ ಸಿಪಾಯಿಗಳನ್ನೆಲ್ಲ ಕೂಡಿಸಿ ಶಿಕಾರಿಪುರ, ಬಿದನೂರು ಕಡೆ ದಂಡು ಕಟ್ಟಿದ. ತನ್ನನ್ನು ಎರಡು ಲೋಕಗಳ ಒಡೆಯ ಅಂತ ಕರೆದುಕೊಂಡ. ಇಂಗ್ಲಿಷರು ಅವನನ್ನು ದರೋಡೆಕಾರ ಅಂದರು. ಲೂಟಿ ಮಾಡಿದ್ದು ನಿಜ, ಆದರೆ ಅವರ ಎದುರು ನಿಂತವನೂ ಅವನೇ ಅನ್ನುವುದನ್ನು ನಾವು ಮರೆಯಬಾರದು. 1799ರ ಆಗಸ್ಟಿನಲ್ಲಿ ಸೋತು ತುಂಗಭದ್ರೆಯ ಆಚೆ ದಾಟಿದ, ಮತ್ತೆ ತಲೆ ಎತ್ತಿದ.

ವೆಲ್ಲೆಸ್ಲಿ ಖುದ್ದು ಬೆನ್ನು ಹತ್ತಿದ. ರೈತರಾದ ನಮಗೆ ಇಲ್ಲಿ ಒಂದು ಮಾತು ಮುಖ್ಯ: ಅವನ ದಂಡು ನಡೆದದ್ದು ಅಕ್ಕಿ ಹೊತ್ತ ಎತ್ತುಗಳಿಂದ. ತೋಪು ಎಳೆಯುವುದಕ್ಕೆ ಅಮೃತಮಹಲ್ ಎತ್ತುಗಳಿಗಿಂತ ಮೇಲಾದದ್ದು ಇಲ್ಲ ಅಂತ ಅವನು ಕೊನೆಯವರೆಗೂ ನಂಬಿದ್ದ. ಮುಂದೆ ಸ್ಪೇನ್ ಯುದ್ಧದಲ್ಲೂ ಅವುಗಳನ್ನು ನೆನೆಸಿಕೊಂಡ. ನಮ್ಮಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ನೆನೆಯುವವರೂ ಕಡಿಮೆ.

1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಹತ್ತಿರ, ನಾಲ್ಕು ರಿಸಾಲೆ ಕುದುರೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನುಗ್ಗಿದ. ಧೋಂಡಿಯ ಅಲ್ಲೇ ಸತ್ತ. ಸಾಮಾನು ಬಂಡಿಗಳ ನಡುವೆ ನಾಲ್ಕು ವರ್ಷದ ಹುಡುಗ ಸಿಕ್ಕಿದ, ಸಲಾಬತ್ ಖಾನ್, ಧೋಂಡಿಯನ ಮಗ. ವೆಲ್ಲೆಸ್ಲಿ ಆ ಮಗುವನ್ನು ತನ್ನ ಗುಡಾರಕ್ಕೆ ಕರೆತಂದು ಸಾಕಿದ. 1805ರಲ್ಲಿ ದೇಶಕ್ಕೆ ಹೊರಟಾಗ ಅವನ ಪಾಲನೆಗೆ ದುಡ್ಡು ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಸೇವೆಗೆ ಸೇರಿದ. ಅಪ್ಪನನ್ನು ಕೊಂದ ಕೈಯೇ ಅನ್ನ ಹಾಕಿತು. ಇದನ್ನು ಏನೆನ್ನಬೇಕೋ ನಮಗೆ ಇನ್ನೂ ತಿಳಿದಿಲ್ಲ.

ಸ್ವಂತ ಸಂಸಾರದಲ್ಲಿ ಆ ಮಮತೆ ಕಾಣಿಸಲಿಲ್ಲ. 1806ರಲ್ಲಿ ಅದೇ ಕಿಟ್ಟಿಯನ್ನು ಮದುವೆಯಾದ. ಇಬ್ಬರು ಗಂಡುಮಕ್ಕಳಾದರೂ ಗಂಡ ಹೆಂಡಿರಿಗೆ ಹೊಂದಲಿಲ್ಲ, ಮಕ್ಕಳಿಗೆ ಅಪ್ಪನೆಂದರೆ ದೂರ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ, ಅಷ್ಟರಲ್ಲಿ ವೆಲ್ಲಿಂಗ್ಟನ್ ಡ್ಯೂಕ್ ಆಗಿದ್ದ. 1828ರಲ್ಲಿ ಪ್ರಧಾನಮಂತ್ರಿಯಾಗಿ, ಮರುವರ್ಷ ಕ್ಯಾಥೊಲಿಕರೂ ಪಾರ್ಲಿಮೆಂಟಿನಲ್ಲಿ ಕೂರುವ ಕಾನೂನು ಮಾಡಿಸಿದ. ಆದರೆ ಮತದಾನದ ಸುಧಾರಣೆ ಬೇಡ ಅಂದು 1830ರಲ್ಲಿ ಕುರ್ಚಿ ಕಳೆದುಕೊಂಡ. ಜನ ಅವನ ಮನೆಯ ಕಿಟಕಿಗೆ ಕಲ್ಲು ಹೊಡೆದರು.

1852ರ ಸೆಪ್ಟೆಂಬರ್ 14ರಂದು ತೀರಿಕೊಂಡ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ಸಮಾಧಿಯಾಯಿತು. ಸಲಾಬತ್ ಖಾನ್ ಕಾಲರಾದಿಂದ ಸತ್ತದ್ದು 1822ರಲ್ಲಿ, ಅದಕ್ಕೂ 30 ವರ್ಷ ಮೊದಲೇ.